ಬದನೆ ಬಣ್ಣದ ಎಳೆ

"ಅಲ್ಲೇ ನಿಲ್ಲಿ. ಒಳಗೆ ಬರಬೇಕು ಅಂದ್ರೆ ಆ ಶರ್ಟ್ ಬಿಚ್ಚಿ."

ಪ್ರಯೋಗಾಲಯದ ಬಾಗಿಲಲ್ಲಿ ಚಿಪ್ಪಿಯ ಬಕೆಟ್ ಹಿಡಿದು ನಿಂತಿದ್ದ ಯುವಕ ಮೆಲ್ಲಗೆ ಹಿಂದೆ ತಿರುಗಿ ನೋಡಿದ. ಈ ಮಾತು ಬೇರೆ ಯಾರಿಗೋ ಇರಬೇಕು... ಹಿಂದೆ ಖಾಲಿ ಕಾರಿಡಾರ್ ಬಿಟ್ಟರೆ ಏನೂ ಇರಲಿಲ್ಲ.

"ಮೇಡಂ, ಪರೀಕ್ಷೆ ಚಿಪ್ಪಿಗೋ, ನನಗೋ?"

ಒಳಗೆ ನಿಂತಿದ್ದ ಸಂಶೋಧಕಿಗೆ ಒಳಗೊಳಗೇ ನಗು ಉಕ್ಕಿತು. ಹುಬ್ಬಿನ ಗಂಟು ಮಾತ್ರ ಸಡಿಲಿಸಲಿಲ್ಲ.

ಅವನು ತೊಟ್ಟಿದ್ದು ಹಸಿರು ಬಣ್ಣದ, ಮಿರಮಿರ ಹೊಳೆಯುವ ಪಾಲಿಯೆಸ್ಟರ್ ಅಂಗಿ. ಅಂಥ ಬಟ್ಟೆ ಮೈ ಅಲುಗಿದಾಗಲೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳನ್ನು ಉದುರಿಸುತ್ತದೆ ಎಂದು ಅವಳು ವಿವರಿಸಿದಳು. ಒಂದೇ ಒಂದು ಎಳೆ ತಟ್ಟೆಗೆ ಬಿದ್ದರೂ ಮುಗಿಯಿತು. ಅದು ಚಿಪ್ಪಿಯ ಹೊಟ್ಟೆಯಲ್ಲಿದ್ದದ್ದೋ, ಶರ್ಟಿನದ್ದೋ, ಹೇಳುವವರು ಯಾರು? ಹಾಗಾಗಿ ಈ ಕೋಣೆಯೊಳಗೆ ಹತ್ತಿ ಬಟ್ಟೆಗೆ ಮಾತ್ರ ಪ್ರವೇಶ.

ಮೊದಲೇ ಹೇಳಿದ್ದರೆ ಹಳೇ ಬನಿಯನ್ನಿನಲ್ಲೇ ಬರುತ್ತಿದ್ದೆ, ಮೇಡಂ ಮುಂದೆ ಚೆನ್ನಾಗಿ ಕಾಣಲಿ ಅಂತ ಇದನ್ನು ಇಸ್ತ್ರಿ ಮಾಡಿಸಿಕೊಂಡು ಬಂದೆ ಎಂದು ಗೊಣಗುತ್ತ ಅವನು ಬೀರುವಿನ ಮರೆಗೆ ಹೋದ. ಹೊರಬಂದಾಗ ಅವನ ಮೈಮೇಲೆ ಪ್ರಯೋಗಾಲಯದ ಹತ್ತಿ ನಿಲುವಂಗಿಯಿತ್ತು. ತೋಳು ಮೊಣಕೈಗೇ ನಿಂತಿತ್ತು. ಎದೆಯ ಹತ್ತಿರ ಗುಂಡಿ ಹಾಕಲು ಬಂದಿರಲಿಲ್ಲ.

ಅವಳು ಮೊಳೆಗೆ ತೂಗುಹಾಕಿದ್ದ ಅಂಟಿನ ರೋಲರ್ ಕೈಗೆತ್ತಿಕೊಂಡಳು. ಒಳಗೆ ಬರುವ ಪ್ರತಿಯೊಬ್ಬರ ಹೆಗಲು, ಬೆನ್ನಿನ ಮೇಲೆ ಅದನ್ನು ಉರುಳಿಸಿ, ಅಂಟಿಕೊಂಡ ಎಳೆಗಳನ್ನು ತೆಗೆಯುವುದು ಇಲ್ಲಿನ ನಿಯಮ. ಅದೆಷ್ಟು ಜನರ ಬೆನ್ನ ಮೇಲೆ ಉರುಳಿಸಿದ್ದಳೋ. ಇವತ್ತು ಮಾತ್ರ ಅದು ಅವನ ಕತ್ತಿನ ಹತ್ತಿರ ಯಾಕೋ ನಿಧಾನವಾಯಿತು. ಉಪ್ಪುನೀರು ಮತ್ತು ಬಿಸಿಲಿನ ವಾಸನೆ... ಅವನು ಉಸಿರು ಬಿಗಿಹಿಡಿದಿದ್ದ.

"ಸಾಕಾ?"

"ಇನ್ನೂ ಸ್ವಲ್ಪ ಇದೆ."

ಸುಳ್ಳು. ರೋಲರಿಗೆ ಇನ್ನೇನೂ ಅಂಟುತ್ತಿರಲಿಲ್ಲ.

ಅವನು ಹಿನ್ನೀರಿನಲ್ಲಿ ಚಿಪ್ಪಿ ಬೆಳೆಯುವವನು. ಬಿದಿರಿನ ಚೌಕಟ್ಟು ಕಟ್ಟಿ, ಅದರಿಂದ ನೀರಿಗೆ ಹಗ್ಗ ಇಳಿಬಿಟ್ಟರೆ ಮರಿಚಿಪ್ಪಿಗಳು ಆ ಹಗ್ಗಕ್ಕೇ ಕಚ್ಚಿಕೊಂಡು ದೊಡ್ಡವಾಗುತ್ತವೆ. ಅವನ ಚೌಕಟ್ಟಿನ ಸುತ್ತ ಕಾಂಡ್ಲಾ ಕಾಡು. ಕೆಸರಿನಿಂದ ಬೇರು ಮೇಲೆತ್ತಿ, ಮಂಡಿಯೂರಿ ಕೂತಂತೆ ನಿಲ್ಲುವ ಮರಗಳು. ಈಚೆಗೆ ಆ ಬೇರುಗಳಿಗೆಲ್ಲ ಪ್ಲಾಸ್ಟಿಕ್ ಚೀಲದ ಚಿಂದಿ ಸುತ್ತಿಕೊಂಡಿತ್ತು. ತಾನು ಜನರಿಗೆ ತಿನ್ನಿಸುತ್ತಿರುವುದು ಏನನ್ನು ಎಂಬ ಭಯ ಅವನನ್ನು ಬಕೆಟ್ ಸಮೇತ ಅವಳ ಬಾಗಿಲಿಗೆ ತಂದಿತ್ತು.

ಅವಳಿಗೂ ಆ ಕೆಸರಿನಲ್ಲೇ ಕೆಲಸ. ಬೇರಿಗೆ ಸುತ್ತಿದ ಹಳೆಯ ಚೀಲಗಳ ಮೇಲೆ ಲೋಳೆ ಕಟ್ಟಿರುತ್ತದಲ್ಲ, ಅದರಲ್ಲಿ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ. ಅವುಗಳಲ್ಲಿ ಕೆಲವು ಪ್ಲಾಸ್ಟಿಕ್ಕನ್ನೇ ತಿಂದು ಬದುಕಲು ಕಲಿತಿರುತ್ತವೆ. ಆ ಲೋಳೆ ಕೆರೆದು ತಂದು, ಬಾಟಲಿಗಳಲ್ಲಿಟ್ಟು, ಪ್ಲಾಸ್ಟಿಕ್ ಬಿಟ್ಟು ಬೇರೇನೂ ಉಣಿಸದೆ ಅವಳು ಸಾಕುತ್ತಿದ್ದಳು. ಮುಂದೆ ಹಿನ್ನೀರಿನ ಒಂದು ಮೂಲೆಗೆ ಒಡ್ಡು ಕಟ್ಟಿ, ಅಲ್ಲಿ ಇವುಗಳನ್ನು ಬಿಟ್ಟು ನೋಡಬೇಕೆಂಬುದು ಅವಳ ಕನಸು. ಚಿಪ್ಪಿ ಬೆಳೆಗಾರರು ಅವಳಿಗೆ ಕೆಸರು ಮೇಡಂ ಎಂದೇ ಹೆಸರಿಟ್ಟಿದ್ದರು.

ಅವನು ತನ್ನ ದೋಣಿಯಲ್ಲಿ ಅವಳನ್ನು ಕಾಡಿನೊಳಗೆ ಕರೆದೊಯ್ಯತೊಡಗಿದ. ಬಾಟಲಿಗಳ ಕಡೆ ನೋಡಿ, ನಿಮ್ಮ ಸಂಸಾರ ಹೇಗಿದೆ ಎಂದು ಕೇಳುವುದು ಅವನ ಅಭ್ಯಾಸವಾಯಿತು. ಒಮ್ಮೆ ದೋಣಿಯಲ್ಲಿ ಜೊತೆಗೆ ಬಂದಿದ್ದ ಅವನ ತಾಯಿ, ಅವು ದಿನಕ್ಕೆ ಎಷ್ಟು ತಿಂತಾವಮ್ಮ ಎಂದು ವಿಚಾರಿಸಿದರು.

"ತುಂಬಾ ನಿಧಾನ ಅಮ್ಮ. ಕಣ್ಣಿಗೆ ಕಾಣೋಷ್ಟೂ ಇಲ್ಲ."

"ಹಾಗಾದ್ರೆ ನನ್ನ ಮಗನ ಜಾತಿಯವೇ ಬಿಡು. ಮನಸ್ಸಲ್ಲಿರೋದನ್ನ ಬಾಯಿಗೆ ತರೋಕೆ ಇವನಿಗೆ ಇನ್ನೂ ಎಷ್ಟು ವರ್ಷ ಬೇಕೋ."

ಅವನು ಹುಟ್ಟು ಹಾಕುವುದನ್ನೇ ಮರೆತ. ದೋಣಿ ತನ್ನಷ್ಟಕ್ಕೆ ತಿರುಗಿತು. ಅವಳು ತಲೆ ತಗ್ಗಿಸಿ, ಪಕ್ಕದಲ್ಲಿ ಸುರುಳಿ ಸುತ್ತಿಟ್ಟಿದ್ದ ಹಗ್ಗವನ್ನು ಸವರುತ್ತ ಕೂತಳು. ಬದನೆ ಬಣ್ಣದ ನೈಲಾನ್ ಹಗ್ಗ. ಹಿನ್ನೀರಿನಲ್ಲಿ ಆ ಬಣ್ಣದ ಹಗ್ಗ ಇದ್ದದ್ದು ಅವನ ಬಳಿ ಮಾತ್ರ.

ಒಂದು ದಿನ ಅದೇ ಬಣ್ಣ ಮೈಕ್ರೋಸ್ಕೋಪಿನ ಕೆಳಗೆ ಕಂಡಿತು.

ಅವನು ಕೊಟ್ಟ ಚಿಪ್ಪಿಗಳ ಮಾಂಸ ಕರಗಿಸಿ, ಸೋಸಿ ನೋಡಿದಾಗ ಬದನೆ ಬಣ್ಣದ ಎಳೆಗಳು. ಒಂದೆರಡಲ್ಲ, ಪ್ರತಿ ತಟ್ಟೆಯಲ್ಲೂ.

ಎಳೆ ಯಾವ ವಸ್ತುವಿನದು ಎಂದು ಖಚಿತವಾಗಿ ಹೇಳುವ ಯಂತ್ರ ಇನ್ನೊಂದು ಕಟ್ಟಡದಲ್ಲಿತ್ತು. ಅದರ ಸರದಿಗೆ ಕಾಯಬೇಕು. ಅವಳು ಕಾಯಲಿಲ್ಲ. ಬಣ್ಣ ಎದುರಿಗೇ ಇರುವಾಗ ಯಂತ್ರ ಯಾಕೆ?

ಅವನಿಗೆ ಮೊದಲೇ ತಿಳಿಸಲೂ ಇಲ್ಲ. 'ಪ್ರೀತಿಗೋಸ್ಕರ ಸತ್ಯ ಮುಚ್ಚಿಡೋಳು ನಾನಲ್ಲ...' ತನ್ನ ನಿಷ್ಠುರತೆಯ ಬಗ್ಗೆ ಅವಳಿಗೆ ಒಂದು ಹೆಮ್ಮೆಯಿತ್ತು. ಆ ಹೆಮ್ಮೆಯನ್ನು ನೆನೆದು ಮುಂದೆ ಎಷ್ಟೋ ಸಲ ಅವಳು ಮುಖ ಮುಚ್ಚಿಕೊಳ್ಳಲಿದ್ದಳು.

ಬೆಳೆಗಾರರು, ಖರೀದಿದಾರರು ಸೇರಿದ ಸಭೆಯಲ್ಲಿ ಆ ಎಳೆಯ ಚಿತ್ರವನ್ನು ಗೋಡೆಯ ಮೇಲೆ ಬಾಗಿಲಷ್ಟು ದೊಡ್ಡದಾಗಿ ತೋರಿಸಿದಳು. ಹಗ್ಗ ಸವೆದು ಚಿಪ್ಪಿಯೊಳಗೆ ಸೇರುತ್ತಿದೆ ಎಂದಳು. ಮೊದಲು ಚಪ್ಪಾಳೆ ತಟ್ಟಿದ್ದು ಮುಂದಿನ ಸಾಲಿನಲ್ಲಿ ಕೂತಿದ್ದ ಚೀಲ ಕಾರ್ಖಾನೆಯ ಮ್ಯಾನೇಜರ್. ಹಿನ್ನೀರಿನ ಮೇಲ್ಭಾಗದಲ್ಲಿ ಅವರ ಪ್ಲಾಸ್ಟಿಕ್ ಚೀಲದ ಕಾರ್ಖಾನೆ. ಅದರ ಕೊಳವೆ ಇಳಿಯುವುದು ಇದೇ ನೀರಿಗೆ. ಎಲ್ಲದಕ್ಕೂ ಕಾರ್ಖಾನೆಯನ್ನೇ ದೂರುತ್ತೀರಲ್ಲ, ನೋಡಿ, ನಿಮ್ಮ ಕೈಯಲ್ಲೇ ಇದೆ ವಿಷ ಎಂದು ಅವರು ಎದ್ದು ನಿಂತು ಹೇಳಿದರು.

ಹಿಂದಿನ ಸಾಲಿನಿಂದ ಅವನು ಎದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ.

"ನಮ್ಮ ಹಗ್ಗದ್ದೇ ಅಂತ ಖಚಿತಾನಾ ಮೇಡಂ?"

ಇಡೀ ಸಭೆ ಅವಳತ್ತ ತಿರುಗಿತು.

"ಖಚಿತ" ಎಂದಳು.

ಅವನು ತಲೆಯಾಡಿಸಿದ. ನೇರ ಹಿನ್ನೀರಿಗೆ ಹೋದ. ಯಾರೂ ಹೇಳದೆ, ಯಾರೂ ಒತ್ತಾಯಿಸದೆ, ತನ್ನ ಹಗ್ಗಗಳನ್ನೆಲ್ಲ ತಾನೇ ಕಡಿದು ಹಾಕಿದ. ತಾಯಿ ದಡದಲ್ಲಿ ನಿಂತು, ಬೇಡ ಮಗಾ, ಬೇಡ ಎನ್ನುತ್ತಲೇ ಇದ್ದರು. ಬಲಿತ ಚಿಪ್ಪಿಗಳು ಗೊಂಚಲು ಗೊಂಚಲಾಗಿ ಕೆಸರಿಗೆ ಬಿದ್ದವು. ವರ್ಷದ ಬೆಳೆ ಕೊಳೆತು ನಾರಿತು.

ಅವನು ಅವಳನ್ನು ಅಷ್ಟು ನಂಬಿದ್ದ.

ಆಮೇಲೆ ಅವನು ಪ್ರಯೋಗಾಲಯದ ಕಡೆ ಬರಲಿಲ್ಲ. ಪೇಟೆಯಲ್ಲಿ ಮಂಜುಗಡ್ಡೆ ಹೊರುವ ಕೆಲಸಕ್ಕೆ ಸೇರಿದ್ದಾನೆ ಎಂಬ ಸುದ್ದಿ ಬಂತು. ಒಮ್ಮೆ ಅವಳನ್ನು ಕಂಡವನು ಹೆಗಲ ಮೇಲಿನ ಮಂಜುಗಡ್ಡೆ ಸಮೇತ ಪಕ್ಕದ ಗಲ್ಲಿಗೆ ಹೊರಳಿಬಿಟ್ಟ.

'ನನ್ನ ಮುಖ ನೋಡೋಕೂ ಅಸಹ್ಯ ಅವರಿಗೆ' ಎಂದುಕೊಂಡಳು ಅವಳು.

ಗಲ್ಲಿಯೊಳಗೆ ಗೋಡೆಗೊರಗಿ ನಿಂತವನ ಮನಸ್ಸಿನಲ್ಲಿದ್ದದ್ದೇ ಬೇರೆ. ಊರ ಮಕ್ಕಳಿಗೆಲ್ಲ ಪ್ಲಾಸ್ಟಿಕ್ ತಿನ್ನಿಸಿದವನು ನಾನು, ಯಾವ ಮುಖ ಹೊತ್ತು ಆಕೆಯ ಎದುರು ನಿಲ್ಲಲಿ... ಮಂಜುಗಡ್ಡೆ ಕರಗಿ ಅವನ ಬೆನ್ನ ಮೇಲೆ ಇಳಿಯುತ್ತಿತ್ತು. ಅವನಿಗೆ ಅದರ ಪರಿವೆಯೂ ಇರಲಿಲ್ಲ.

ಮಾಡದ ತಪ್ಪಿಗೆ ಒಬ್ಬ ನಾಚಿಕೆಪಟ್ಟು ಕುಗ್ಗುತ್ತಿದ್ದ. ತಪ್ಪು ಮಾಡಿದವಳಿಗೆ ಅದು ಇನ್ನೂ ಗೊತ್ತೇ ಇರಲಿಲ್ಲ.

ಅವನಿಗೊಂದು ಉಡುಗೊರೆ ಕೊಡಬೇಕೆಂದು ಅವಳು ಹೊರಟಳು. ಬಾಟಲಿಯ ಜೀವಿಗಳಿಗೆ ಅವನ ಹಗ್ಗವನ್ನೇ ತಿನ್ನುವುದು ಕಲಿಸಿದರೆ? ನಿಮ್ಮ ಹಗ್ಗದ ಪಾಪವನ್ನು ನನ್ನ ಸಂಸಾರ ತಿಂದು ಮುಗಿಸುತ್ತದೆ ನೋಡಿ ಎಂದು ತೋರಿಸಿದರೆ, ಒಮ್ಮೆಯಾದರೂ ತಿರುಗಿ ನೋಡುತ್ತಾನೇನೋ... ಒಂದು ಬಾಟಲಿಗೆ ಅವನ ಹಗ್ಗದ ಪುಡಿ ಹಾಕಿದಳು. ಇನ್ನೊಂದಕ್ಕೆ ಚಿಪ್ಪಿಗಳಿಂದ ಸೋಸಿ ಇಟ್ಟಿದ್ದ ಎಳೆಗಳನ್ನು. ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ವಾರಗಟ್ಟಲೆ ಕಾದಳು.

ಹಗ್ಗದ ಎಳೆಗಳ ಮೈಯೆಲ್ಲ ಗುಳಿ ಬಿದ್ದಿತ್ತು. ಗೆದ್ದಲು ಹಿಡಿದ ಮರದ ಹಾಗೆ. ತಿಂದಿವೆ... ನಿಜಕ್ಕೂ ತಿಂದಿವೆ! ಅವಳ ಕಣ್ಣು ತುಂಬಿ ಬಂತು.

ಎರಡನೇ ಬಾಟಲಿಯ ಎಳೆ ನೋಡಿದಳು. ನುಣುಪಾಗಿತ್ತು. ಒಂದು ಗೀರೂ ಇಲ್ಲ.

ಮತ್ತೆ ನೋಡಿದಳು. ಬೇರೆ ಎಳೆ ತೆಗೆದು ನೋಡಿದಳು. ಅದೂ ನುಣುಪು.

ಎರಡೂ ಒಂದೇ ಹಗ್ಗದ್ದಾದರೆ ಒಂದನ್ನು ತಿಂದು ಇನ್ನೊಂದನ್ನು ಬಿಡುವುದೇಕೆ? ಆ ಜೀವಿಗಳಿಗೆ ಕಣ್ಣಿಲ್ಲ. ಅವು ಬಣ್ಣ ನೋಡಿರಲಿಲ್ಲ. ಕಣ್ಣಿದ್ದವಳು ಬಣ್ಣ ಬಿಟ್ಟು ಬೇರೇನೂ ನೋಡಿರಲಿಲ್ಲ.

ಈ ಸಲ ಅವಳು ಯಂತ್ರದ ಸರದಿಗೆ ಕಾದಳು. ಹಗ್ಗ ನೈಲಾನ್. ಚಿಪ್ಪಿಯಲ್ಲಿ ಸಿಕ್ಕಿದ್ದು ಅಕ್ರಿಲಿಕ್; ಹೆಣಿಗೆಯ ನೂಲು ಮಾಡುವ ಪ್ಲಾಸ್ಟಿಕ್.

ಹೆಣಿಗೆಯ ನೂಲು...

ಅವಳು ಎದ್ದು ಕೋಲ್ಡ್ ರೂಮಿನ ಬಾಗಿಲು ತೆರೆದಳು. ಬಾಗಿಲ ಹಿಂದಿನ ಮೊಳೆಯಲ್ಲಿ ಅವಳ ಸ್ವೆಟರ್ ನೇತಾಡುತ್ತಿತ್ತು. ಅಕ್ಕ ಹೆಣೆದು ಕೊಟ್ಟದ್ದು. ಅಲ್ಲಿ ಚಳಿ ತಡೆಯಲಾಗದೆ ಹತ್ತಿ ನಿಲುವಂಗಿಯ ಮೇಲೆ ಅದನ್ನೇ ಹಾಕಿಕೊಂಡು, ಕೆಡದಿರಲಿ ಎಂದು ಚಿಪ್ಪಿಗಳನ್ನು ಅಲ್ಲೇ ಕೂತು ಬಿಡಿಸುತ್ತಿದ್ದಳು. ಗಾಳಿಯಿಂದ ಏನಾದರೂ ಬೀಳುತ್ತದೆಯೇ ಎಂದು ತಿಳಿಯಲು ಪ್ರಯೋಗಾಲಯದ ಪ್ರತಿ ಮೇಜಿನ ಮೇಲೂ ಒಂದು ಖಾಲಿ ತಟ್ಟೆ ತೆರೆದಿಡುವುದು ಪದ್ಧತಿ. ಕೋಲ್ಡ್ ರೂಮಿನಲ್ಲಿ ಇಟ್ಟಿರಲಿಲ್ಲ. ಅಲ್ಲಿಗೆ ಅವಳೊಬ್ಬಳೇ ಹೋಗುವುದಲ್ಲವೇ?

ಸ್ವೆಟರ್ ಬದನೆ ಬಣ್ಣದ್ದು.

ದಿನವೂ ತೊಡುವ ಬಟ್ಟೆಯ ಬಣ್ಣ ಕಣ್ಣಿಗೆ ಬೀಳುವುದೇ ಇಲ್ಲ.

ಅಕ್ಕನಿಗೆ ಫೋನ್ ಮಾಡಿದಳು. ಸ್ವೆಟರಿನದು ಕುರಿಯ ಉಣ್ಣೆ ತಾನೇ ಎಂದು ಕೇಳಿದಳು.

"ಯಾವ ಕುರಿನೇ? ಆ ಬಣ್ಣದ ಕುರಿ ಎಲ್ಲಾದ್ರೂ ನೋಡಿದೀಯಾ? ನೀನು ಒಗೆಯೋ ಚೆಂದಕ್ಕೆ ಅಸಲಿ ಉಣ್ಣೆ ಉಳಿಯುತ್ತಾ ಅಂತ ಪ್ಲಾಸ್ಟಿಕ್ ನೂಲೇ ತಂದೆ. ಯಾಕೆ, ಚುಚ್ಚುತ್ತಾ?"

"ಹೂಂ ಅಕ್ಕ... ಚುಚ್ತಾ ಇದೆ."

ಬಾಗಿಲಲ್ಲಿ ನಿಲ್ಲಿಸಿ ಅಪರಿಚಿತನ ಶರ್ಟ್ ಬಿಚ್ಚಿಸಿದವಳು! ಅವನ ಬೆನ್ನಿನ ಮೇಲೆ ರೋಲರ್ ಉರುಳಿಸಿದವಳು! ಆ ಕೋಣೆಯ ತಣ್ಣನೆಯ ನೆಲದ ಮೇಲೆ ಅವಳು ಕುಸಿದು ಕೂತಳು. ಅಳು ಬರಲಿಲ್ಲ. ಅಳುವುದಕ್ಕೂ ಒಂದು ಯೋಗ್ಯತೆ ಬೇಕು ಅನ್ನಿಸಿತು.

ಪ್ರಯೋಗಾಲಯದ ಮುಖ್ಯಸ್ಥರು ಎಲ್ಲವನ್ನೂ ಕೇಳಿಸಿಕೊಂಡು ಕನ್ನಡಕ ಒರೆಸಿದರು. ಮುಂದಿನ ವರದಿಯ ಕೊನೆಯಲ್ಲಿ, ಸಣ್ಣಕ್ಷರದಲ್ಲಿ ಒಂದು ತಿದ್ದುಪಡಿ ಹಾಕಿದರೆ ಸಾಕು ಎಂದರು. ಈಗ ಬಾಯಿ ಬಿಟ್ಟರೆ ಹಿನ್ನೀರಿನ ಪ್ರಯೋಗಕ್ಕೆ ಅನುಮತಿ ಸಿಗುವುದಿಲ್ಲ, ನಿನ್ನ ಹೆಸರೂ ಉಳಿಯುವುದಿಲ್ಲ ಎಂದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

"ಸಾರ್, ಅವರ ಹಗ್ಗದ ಚಿತ್ರಾನ ನಾನು ಬಾಗಿಲಷ್ಟು ದೊಡ್ಡದು ಮಾಡಿ ತೋರಿಸಿದೆ. ನನ್ನ ತಪ್ಪನ್ನ ಸಣ್ಣಕ್ಷರದಲ್ಲಿ ಹೇಗೆ ಬರೀಲಿ?"

ಅದೇ ಸಭಾಂಗಣ. ಅದೇ ಗೋಡೆ. ಬರುವಂತೆ ಎಲ್ಲರಿಗೂ ಅವಳೇ ಹೇಳಿಕಳಿಸಿದ್ದಳು. ಹಿಂದಿನ ಸಾಲಿನಲ್ಲಿ ಅವನು ತಲೆ ತಗ್ಗಿಸಿ ಕೂತಿದ್ದ. ತಾಯಿ ಬಲವಂತವಾಗಿ ಎಳೆದುಕೊಂಡು ಬಂದಿದ್ದರು.

ಅವಳು ಮೇಜಿನ ಮೇಲೆ ಗಾಜಿನ ಜಾಡಿಯೊಂದನ್ನು ಇಟ್ಟಳು. ಒಳಗೆ ಮಡಚಿಟ್ಟ ಸ್ವೆಟರ್.

"ಆವತ್ತು ನಾನು ತೋರಿಸಿದ ಎಳೆ ಇದರದ್ದು. ನನ್ನ ಸ್ವೆಟರಿಂದು. ಹಗ್ಗದ್ದಲ್ಲ. ಖಚಿತಾನಾ ಅಂತ ಅವರು ಕೇಳಿದ್ರು. ನೋಡದೇ ಖಚಿತ ಅಂದೆ. ಅವರ ಬೆಳೆ ಕೆಸರಿಗೆ ಬಿದ್ದದ್ದು ನನ್ನಿಂದ."

ಯಾರೋ ಕಿಸಕ್ಕೆಂದರು. ಆ ನಗು ಸಾಲಿನಿಂದ ಸಾಲಿಗೆ ದಾಟಿತು. ಅವಳ ಕಿವಿ ಕೆಂಡವಾಯಿತು. ತಲೆ ತಗ್ಗಿಸದೆ ನಿಂತಳು. ಮ್ಯಾನೇಜರ್ ಎದ್ದು, ಒಂದು ಸ್ವೆಟರಿನ ಕತೆ ಹೇಳಲು ನಮ್ಮನ್ನೆಲ್ಲ ಕರೆಸಿದಿರಾ ಎಂದು ನಕ್ಕರು.

ಅವಳು ಗೋಡೆಯ ಚಿತ್ರ ಬದಲಿಸಿದಳು. ಗಾಜಿನ ಪುಡಿಯಂಥ ಬಣ್ಣವಿಲ್ಲದ ತೆಳು ಚೂರುಗಳು.

"ಇಲ್ಲ ಸಾರ್, ಇನ್ನೂ ಇದೆ. ಎಳೆಗಳನ್ನ ತೆಗೆದುಬಿಟ್ರೆ ಆ ಚಿಪ್ಪಿಗಳಲ್ಲಿ ಉಳಿಯೋದು ಇವು. ಚೀಲದ ಪ್ಲಾಸ್ಟಿಕ್. ಇದನ್ನ ಯಂತ್ರದಲ್ಲಿಟ್ಟು ನೋಡಿದೀನಿ. ಆವತ್ತೂ ನನ್ನ ಕಣ್ಣಿಗೆ ಬಿದ್ದಿತ್ತು, ಬಣ್ಣ ಇಲ್ಲ ಅಂತ ಪಕ್ಕಕ್ಕಿಟ್ಟೆ. ಕೈಗೆ ಸುಲಭವಾಗಿ ಸಿಕ್ಕಿದ್ದು ಬೆಳೆಗಾರರ ಹಗ್ಗ. ನಿಮ್ಮ ಕೊಳವೆವರೆಗೆ ನಾನು ನಡೆದು ಹೋಗ್ಲೇ ಇಲ್ಲ."

ಬೆಳೆಗಾರರ ತಲೆಗಳು ಮ್ಯಾನೇಜರ್ ಕಡೆ ತಿರುಗಿದವು.

ಇವು ಕಾರ್ಖಾನೆಯವೇ ಎಂದು ಇವತ್ತು ಹೇಳುವುದಿಲ್ಲ, ಕೊಳವೆಯ ಬಾಯಲ್ಲಿ ಚಿಪ್ಪಿ ತೆಗೆದು ನೋಡಿದ ಮೇಲೆ ಹೇಳುತ್ತೇನೆ ಎಂದಳು. ನೋಡದೆ ಹೇಳುವ ಚಟ ತನಗೆ ಬಿಟ್ಟುಹೋಗಿದೆ ಎಂದಳು. ಮ್ಯಾನೇಜರ್ ಕೂತರು. ಈ ಸಲ ಅವರು ಚಪ್ಪಾಳೆ ತಟ್ಟಲಿಲ್ಲ.

ಅವಳ ಕಣ್ಣು ಹಿಂದಿನ ಸಾಲನ್ನು ಹುಡುಕಿತು. ಅವನು ಎದ್ದು ಹೋಗಿಯಾಗಿತ್ತು.

ಹಿನ್ನೀರಿನ ದಡದಲ್ಲಿ, ಬರಿದಾದ ಬಿದಿರಿನ ಚೌಕಟ್ಟಿನ ಎದುರು ಅವನು ಸಿಕ್ಕಿದ. ಅವಳ ಹೆಜ್ಜೆಯ ಸದ್ದು ಕೇಳಿ ತಿರುಗಿದವನ ಕಣ್ಣು ಕೆಂಪಾಗಿತ್ತು. ಕ್ಷಮಿಸಿ ಎಂದಳು. ಆ ಪದ ಅವಳಿಗೇ ತೀರಾ ಚಿಕ್ಕದೆನ್ನಿಸಿತು.

"ಸಭೆಗೆ ಮುಂಚೆ ಒಂದ್ಸಲ ನನ್ನನ್ನ ಕರೆದು, ನೋಡಿ, ಹೀಗೆ ಕಾಣ್ತಾ ಇದೆ ಅಂತ ಒಂದು ಮಾತು ಹೇಳ್ಬಾರದಿತ್ತಾ?"

"ಹೆದರಿದ್ದೆ... ನಿಮ್ಮ ಮುಖ ನೋಡಿದ್ರೆ ಮನಸ್ಸು ಕರಗಿಬಿಡುತ್ತೆ ಅಂತ."

"ಕರಗಬೇಕಿತ್ತು. ಕರಗಿದ್ರೆ ಇನ್ನೊಂದ್ಸಲ ನೋಡ್ತಿದ್ರಿ."

ಪ್ರೀತಿ ಕಣ್ಣಿಗೆ ಮಂಜು ಕವಿಸುತ್ತದೆ ಎಂದು ನಂಬಿ ಅದನ್ನು ಹೊರಗಿಟ್ಟು ಬಾಗಿಲು ಹಾಕಿಕೊಂಡಿದ್ದಳು. ಎರಡನೇ ಸಲ ನೋಡು ಎನ್ನುವ ದನಿ ಆ ಪ್ರೀತಿಯದೊಂದೇ ಆಗಿತ್ತು. ಈಗ ಅವಳಿಗೆ ಅಳು ಬಂತು. ಅವನು ಸಮಾಧಾನ ಮಾಡಲಿಲ್ಲ. ಬಿಟ್ಟೂ ಹೋಗಲಿಲ್ಲ.

ಮುಖ್ಯಸ್ಥರು ಹೇಳಿದಂತೆಯೇ ಆಯಿತು. ಪ್ರಯೋಗದ ಅನುಮತಿಯನ್ನು ತಡೆಹಿಡಿದರು. ಪ್ರಯೋಗಾಲಯದಲ್ಲಿ ಅವಳು ಹಾದುಹೋದರೆ ಸ್ವೆಟರ್ ಮೇಡಂ ಎಂಬ ಪಿಸುಮಾತು. ಅವಳು ಆ ಹೆಸರನ್ನು ತೊಟ್ಟುಕೊಂಡೇ ತಿರುಗಿದಳು. ರಜೆಯ ದಿನಗಳಲ್ಲಿ ಹಿನ್ನೀರಿಗೆ ಬಂದು, ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಅವನ ಚೌಕಟ್ಟಿಗೆ ಹೊಸ ಹಗ್ಗ ಕಟ್ಟತೊಡಗಿದಳು. ನಾರಿನ ಹಗ್ಗ. ನೈಲಾನೂ ಒಂದು ದಿನ ಸವೆಯುವುದೇ ಎಂದು ಅವಳಿಗೆ ಗೊತ್ತಿತ್ತು. ಅವನು ಸ್ವಲ್ಪ ದೂರದಲ್ಲಿ ಬಿದಿರು ನೆಡುತ್ತಿದ್ದ.

ಅವನ ತಾಯಿ ಪ್ರತಿ ಸಲವೂ ಬಂದು, ಅವಳು ಹಾಕಿದ ಗಂಟುಗಳನ್ನೆಲ್ಲ ಬಿಚ್ಚಿ ಮತ್ತೆ ಹಾಕಿ ಹೋಗುತ್ತಿದ್ದರು. ಒಂದು ದಿನ ಮಾತ್ರ ಹತ್ತಿರ ಬಂದು ನಿಂತರು.

"ಕೈ ತಾ ಇಲ್ಲಿ. ಗಂಟು ಹಾಕೋದು ಹೀಗೆ. ನಿನ್ನ ಹಿಂದೆ ಬಿಚ್ಚಿ ಬಿಚ್ಚಿ ನನ್ನ ಬೆರಳು ಹೋದ್ವು."

ಆ ಒರಟು ಬೆರಳುಗಳು ತನ್ನ ಬೆರಳುಗಳನ್ನು ಹಗ್ಗದ ಮೇಲೆ ನಡೆಸುತ್ತಿದ್ದಾಗ ಅವಳು ತುಟಿ ಕಚ್ಚಿ ಹಿಡಿದಳು. ದೂರದಲ್ಲಿ ಬಿದಿರು ನೆಡುತ್ತಿದ್ದವನ ಕೈ ನಿಂತಿತ್ತು.

ಹಗ್ಗಗಳಿಗೆ ಮರಿಚಿಪ್ಪಿಗಳು ಕಚ್ಚಿಕೊಂಡ ಕಾಲಕ್ಕೆ, ಒಂದು ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ಸದ್ದಾಯಿತು.

ಅವನು. ಕೈಯಲ್ಲಿ ಬಕೆಟ್. ಮೈಮೇಲೆ ಇಸ್ತ್ರಿ ಮಾಡಿದ ಹತ್ತಿ ಅಂಗಿ.

"ಕೊಳವೆ ಬಾಯಿಂದ ತೆಗೆದ ಚಿಪ್ಪಿ. ಅವರ ಕಾವಲಿನವನ ಕೈಲಿ ಬೈಸ್ಕೊಂಡು ತಂದಿದೀನಿ. ಸರಿಯಾಗಿ ನೋಡಿ."

"ಎಷ್ಟು ಸಲ ಬೇಕಾದ್ರೂ ನೋಡ್ತೀನಿ."

ಅವನ ದೃಷ್ಟಿ ಬಾಟಲಿಗಳ ಕಪಾಟಿಗೆ ಹೋಯಿತು. ಕೊನೆಯಲ್ಲಿ ಗಾಜಿನ ಜಾಡಿ, ಒಳಗೆ ಆ ಸ್ವೆಟರ್. ಇದನ್ನು ಇನ್ನೂ ಇಟ್ಟುಕೊಂಡಿದ್ದೀರಾ ಎಂದು ಕೇಳಿದ. ಬಿಸಾಕಿದರೆ ಮತ್ತೆ ನಿಮ್ಮ ಹಿನ್ನೀರಿಗೇ ಬರುತ್ತದಲ್ಲ ಎಂದಳು. ಅವನು ಬಹಳ ದಿನಗಳ ಮೇಲೆ ನಕ್ಕ.

"ಸಂಸಾರ ಹೇಗಿದೆ?"

"ನಿಧಾನ. ಆದ್ರೆ ಬಿಟ್ಟಿಲ್ಲ, ತಿಂತಾ ಇವೆ."

ಅವಳು ರೋಲರಿಗೆ ಕೈ ಚಾಚಿದಳು. ಅವನು ಅದನ್ನು ಮೊದಲೇ ಮೊಳೆಯಿಂದ ತೆಗೆದುಕೊಂಡ.

"ತಿರುಗಿ. ಈ ಸಲ ಮೊದಲು ನೀವು."

ಅವಳು ತಿರುಗಿ ನಿಂತಳು. ರೋಲರ್ ಅವಳ ಹೆಗಲ ಮೇಲೆ, ಬೆನ್ನ ಮೇಲೆ ಮೆಲ್ಲಗೆ ಉರುಳಿತು. ಕತ್ತಿನ ಹತ್ತಿರ ಬಂದು ನಿಧಾನವಾಯಿತು. ಅವಳು ಕಣ್ಣು ಮುಚ್ಚಿದಳು. ಇಷ್ಟು ದಿನ ಮೈಗೆ ಅಂಟಿದ್ದ ನಾಚಿಕೆ ಈ ಅಂಟಿಗೆ ಬರುವಂಥದ್ದಲ್ಲ. ಇರಲಿ... ಅದು ಇದ್ದರೆ ಎರಡನೇ ಸಲ ನೋಡುವುದು ಮರೆಯುವುದಿಲ್ಲ.

"ಏನಾದ್ರೂ ಸಿಕ್ತಾ?" ಅವಳು ಕೇಳಿದಳು.

"ಒಂದು ಕೂದಲು. ಬೆಳ್ಳಗಿದೆ."

"ಅದು ನಂದೇ."

"ಖಚಿತಾನಾ?"

ಅವಳು ತಿರುಗಿ, ಅವನ ಬೆರಳ ತುದಿಯಲ್ಲಿದ್ದ ಆ ಕೂದಲನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಅವನ ಮುಖ ನೋಡಿದಳು. ಮತ್ತೊಮ್ಮೆ ನೋಡಿದಳು.

"ಖಚಿತ."

"ಸಾಕಾ ಹಾಗಾದ್ರೆ?" ಅವನು ರೋಲರ್ ಕೆಳಗಿಳಿಸಲು ಹೋದ.

ಅವಳು ಅವನ ಕೈ ಹಿಡಿದಳು.

"ಇನ್ನೂ ಸ್ವಲ್ಪ ಇದೆ."